ಸಿಮೆಂಟು ಕಂಬ, ನಮ್ಮಣ್ಣನ ತೋಳು

ನಮ್ಮಣ್ಣನ ತೋಳು ಎಷ್ಟು ದಪ್ಪ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನೇ ಹೇಳಿಕೊಂಡು ತಿರುಗುತ್ತಿದ್ದ. ದಿನಾ ಸಾಯಂಕಾಲ ಚನ್ನಪಟ್ಟಣದ ಜಿಮ್ಮಿಗೆ ಹೋಗೋನು. ವಾಪಸ್ಸು ಬರುವಾಗ ಹೊಂಗನೂರು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ, ಮೇಲಿನ ಕಂಬಿ ಹಿಡಿದು ನಿಂತೇ ಬರೋನು. ಕೂತರೆ ತೋಳು ಯಾರಿಗೆ ಕಾಣಬೇಕು? ಸೋಮವಾರ ಎದೆ, ಮಂಗಳವಾರ ತೋಳು, ಬುಧವಾರ ಬೆನ್ನು ಅಂತ ಮೈಯನ್ನು ವಾರಕ್ಕೆ ಹಂಚಿಕೊಟ್ಟಿದ್ದ. ಕಾಲಿಗೆ ಮಾತ್ರ ಆ ವಾರದಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ. ಪ್ಯಾಂಟಿನ ಒಳಗಿರೋದಕ್ಕೆ ಯಾಕೆ ಖರ್ಚು ಅಂತಲೋ ಏನೋ.

ಇಂಥ ಹೊತ್ತಿನಲ್ಲಿ ಲೈನ್‌ಮ್ಯಾನ್ ಕೆಲಸಕ್ಕೆ ಅರ್ಜಿ ಕರೆದರು. ಅಣ್ಣನೂ ಹಾಕಿದ, ನಾನೂ ಹಾಕಿದೆ. ಹತ್ತನೇ ಕ್ಲಾಸಿನ ಮಾರ್ಕ್ಸು ನೋಡಿ ಮೈಪರೀಕ್ಷೆಗೆ ಕರೆಯುತ್ತಾರೆ. ಅಲ್ಲಿ ಕರೆಂಟು ಕಂಬ ಹತ್ತಿ ಇಳಿಯಲೇಬೇಕು. ಅದಾದ ಮೇಲೆ ಓಟ, ಸ್ಕಿಪ್ಪಿಂಗ್, ಗುಂಡು ಎಸೆತ, ಈ ಮೂರರಲ್ಲಿ ಎರಡಾದರೂ ಪಾಸಾಗಬೇಕು. ಹೆಣ್ಣುಮಕ್ಕಳಿಗೂ ಅದೇ ಕಂಬ. ನಾನು ಅರ್ಜಿ ಹಾಕಿದ್ದು ಗೊತ್ತಾದಾಗ ಅಪ್ಪ ಬೈಯಲಿಲ್ಲ, ಕರಾರು ಮಾಡಿದ. "ನೋಡಮ್ಮಿ, ಇದೊಂದ್ಸಲ ಓಗು. ಆಗ್ಲಿಲ್ಲ ಅಂದ್ರೆ ಮಾಗಡಿಯೋರ್ಗೆ ಹ್ಞೂಂ ಅಂದ್ಬುಡ್ತೀನಿ, ಆಮೇಲೆ ತಕರಾರು ತೆಗೀಬ್ಯಾಡ."

ಮಾಗಡಿಯೋರು ಅಂದರೆ ನನ್ನ ನೋಡಿಕೊಂಡು ಹೋಗಿದ್ದ ಗಂಡಿನ ಕಡೆಯವರು. ಅಕ್ಕನ ಮದುವೆ ಆಗಿಹೋಗಿತ್ತು, ಇನ್ನು ನನ್ನ ಸರದಿ. ಗಂಡು ಬಂದಾಗಿಂದ ಹೋಗೋತನಕ ಮೊಬೈಲು ತಿಕ್ಕುತ್ತಾ ಕೂತಿದ್ದ. ಮಾತೆಲ್ಲ ಅವನ ತಾಯಿಯದು. ಎಷ್ಟು ಓದಿದ್ದೀಯ ಅಂತ ಆಯಮ್ಮ ಕೇಳಲಿಲ್ಲ, ಎಷ್ಟು ಹಸು ಕರೀತೀಯ ಅಂತ ಕೇಳಿದಳು. ಕೇಳುತ್ತಾ ನನ್ನ ರಟ್ಟೆ ಹಿಡಿದು ಅಮುಕಿ ನೋಡಿದಳು. ಸಂತೆಯಲ್ಲಿ ಕುರಿ ಬೆನ್ನು ಅಮುಕುತ್ತಾರಲ್ಲ, ಹಂಗೆ. ಆ ಮನೆಗೆ ಹೋಗೋದಕ್ಕಿಂತ ಕಂಬದಿಂದ ಬಿದ್ದು ಸೊಂಟ ಮುರಕೊಳ್ಳೋದು ಎಷ್ಟೋ ವಾಸಿ ಅನ್ನಿಸಿತ್ತು. ಹಾಗಾಗಿ ನನಗೆ ಆ ಕೆಲಸ ಬೇಕೇ ಬೇಕಿತ್ತು.

ನಮ್ಮಣ್ಣನಿಗೆ ಸಿಕ್ಕೇ ಸಿಗುತ್ತೆ ಅಂತ ಊರೇ ತೀರ್ಮಾನ ಮಾಡಿಬಿಟ್ಟಿತ್ತು. ಕನಕಪುರದಿಂದ ಬಂದಿದ್ದ ಸೋದರಮಾವ ಜಗಲಿ ಮೇಲೆ ಕಾಲು ಚಾಚಿಕೊಂಡು, "ತೆಂಗಿನ್ಮರ ಹತ್ತೋನ್ಗೆ ಕಂಬ ಯಾವ ಲೆಕ್ಕ ಬುಡ್ಲಾ" ಅಂದ. ಅಣ್ಣ ತೆಂಗಿನಮರ ಹತ್ತುತ್ತಿದ್ದದ್ದು ನಿಜ. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಹತ್ತೋನು. ಆ ಮರಕ್ಕೆ ಉದ್ದಕ್ಕೂ ಗರಿ ಉದುರಿದ ಗಾಯದ ಉಂಗುರಗಳಿರುತ್ತವೆ, ಮೈಯೆಲ್ಲ ಒರಟು, ಒಸಿ ಬಾಗಿಯೂ ಇರುತ್ತೆ. ಸಿಮೆಂಟು ಕಂಬ ಹಾಗಲ್ಲ. ನೆಟ್ಟಗೆ, ನುಣ್ಣಗೆ, ಮೇಲೆ ಹೋದಷ್ಟೂ ಸಣ್ಣ. ಕಾಲಿಗೆ ಬಳೆ ಕಟ್ಟೋ ಹಾಗೂ ಇಲ್ಲ. ಇದನ್ನು ನಾನು ಹೇಳಿದೆ. "ಸುಮ್ಕಿರಮ್ಮಿ, ನೀ ಯಾವ ಮರ ಹತ್ತಿದ್ದೀಯ ಅಂತ ಯೋಳಕ್ ಬಂದೆ" ಅಂದ ಮಾವ. ಅವನು ಹತ್ತಿದ್ದು ನಮ್ಮ ಜಗಲಿ ಒಂದೇ. ಅದನ್ನೂ ಏದುಸಿರು ಬಿಟ್ಟುಕೊಂಡು ಹತ್ತಿದ್ದ.

ರಸ್ತೆ ಅಗಲ ಮಾಡುವಾಗ ಕಿತ್ತು ಬಿಸಾಕಿದ್ದ ಒಂದು ಹಳೇ ಕಂಬವನ್ನು ಅಣ್ಣನೂ ಅವನ ಸ್ನೇಹಿತರೂ ಟ್ರ್ಯಾಕ್ಟರಿನಲ್ಲಿ ತಂದು ನಮ್ಮ ಹಿಪ್ಪುನೇರಳೆ ತೋಟದ ಬದಿಗೆ ನೆಟ್ಟರು. ನೆಟ್ಟ ದಿನ ಹೂವು, ಊದುಬತ್ತಿ, ಮೊಬೈಲಿನಲ್ಲಿ ಫೋಟೊ, ಎಲ್ಲ ಆಯ್ತು. ಆಮೇಲೆ ಅಣ್ಣ ಹತ್ತಿದ. ಒಂದಾಳೆತ್ತರ ಹೋಗಿ ಸರ್ರಂತ ಜಾರಿದ. ಸ್ನೇಹಿತರು ನಕ್ಕರು. "ಪಾಚಿ ಕಟ್ಟೈತೆ ಕಣ್ರಲಾ" ಅಂದ. ಸುಡು ಬಿಸಿಲಲ್ಲಿ ಬಿದ್ದಿದ್ದ ಕಂಬಕ್ಕೆ ಪಾಚಿಯಂತೆ, ಅವರಜ್ಜಿ ತಲೆ. ಅವತ್ತಿಂದ ಅವನು ಆ ಕಂಬದ ಕಡೆ ತಿರುಗಿ ನೋಡಲಿಲ್ಲ. ಜಿಮ್ಮಿನಲ್ಲಿ ತೋಳನ್ನು ಇನ್ನೂ ದಪ್ಪ ಮಾಡಿಕೊಳ್ಳೋಕೆ ಹೋದ.

ರಾಮನಗರದಲ್ಲಿ ಒಬ್ಬ ಅಕಾಡೆಮಿ ತೆಗೆದಿದ್ದ. ಅಕಾಡೆಮಿ ಅಂದರೆ ಒಂದು ತಗಡಿನ ಶೆಡ್ಡು, ಒಂದು ಫ್ಲೆಕ್ಸು, ಫ್ಲೆಕ್ಸಿನ ತುಂಬ ಅವನದೇ ಫೋಟೊ. ಭಾನುವಾರ ಅಣ್ಣನ ಜೊತೆ ನಾನೂ ಹೋದೆ. ಆ ಮಹಾಶಯ ಪ್ಲಾಸ್ಟಿಕ್ ಕುರ್ಚಿಯಿಂದ ಏಳದೆ ಪಾಠ ಮಾಡಿದ. ಫಿಟ್‌ನೆಸ್ ಅಂದರೆ ಒಂದೇ ವಸ್ತು ಅಲ್ಲವಂತೆ. ಬಲ ಬೇರೆ, ದಮ್ಮು ಬೇರೆ, ಕೀಲು ಸಡಿಲ ಇರೋದು ಬೇರೆ, ಚುರುಕು ಬೇರೆ, ತೂಕ ತಪ್ಪದೆ ನಿಲ್ಲೋದು ಬೇರೆ, ಕೈಗೂ ಕಾಲಿಗೂ ಹೊಂದಾಣಿಕೆ ಬೇರೆ, ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಮೈ ಪೂರ್ತಿ ಅಲ್ಲವಂತೆ. ಹೇಳಿ ಮುಗಿಸಿ ಕುರ್ಚಿಯ ಎರಡೂ ಕೈ ಊರಿ ಎದ್ದು ನಿಂತು ಸೊಂಟ ನೀವಿಕೊಂಡ. ನನ್ನ ಕಡೆ ನೋಡಿ, "ಲೇಡೀಸ್‌ಗೆ ಇದೆಲ್ಲ ಬ್ಯಾಡಮ್ಮ, ಒಸಿ ಯೋಗ ಮಾಡ್ಕೊ ಸಾಕು" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಅಂಥ ಒಳ್ಳೇ ಮಾತು ಅಂಥ ಬಾಯಿಂದ ಕೇಳಬೇಕಾಯ್ತಲ್ಲ ಅನ್ನೋದೇ ನನ್ನ ಸಂಕಟ. ನಾನು ಎರಡನೇ ಭಾನುವಾರ ಹೋಗಲಿಲ್ಲ.

ಆದರೆ ಮಾತು ತಲೆಯಲ್ಲಿ ಉಳಿಯಿತು. ಸೊಪ್ಪು ಕೊಯ್ಯುತ್ತಾ ಲೆಕ್ಕ ಹಾಕಿದೆ, ನನ್ನ ಹತ್ತಿರ ಏನಿದೆ, ಏನಿಲ್ಲ ಅಂತ. ಹಿಪ್ಪುನೇರಳೆ ಕಡ್ಡಿ ಮುರಿದೂ ಮುರಿದೂ ಹಿಡಿತ ಇತ್ತು. ಸೊಪ್ಪಿನ ಹೊರೆ ಹೊತ್ತು ತೊಡೆ ಗಟ್ಟಿ ಇತ್ತು. ರೇಷ್ಮೆಹುಳದ ಮನೆಯಲ್ಲಿ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಸ ತೆಗೆದು ಕೀಲೂ ಸಡಿಲವಾಗಿತ್ತು. ನಮ್ಮಣ್ಣ ಕುಕ್ಕರುಗಾಲಲ್ಲಿ ಕೂತರೆ ಹಿಂದಕ್ಕೆ ಉರುಳಿಬಿಡೋನು. ಆದರೆ ದಮ್ಮು ಅನ್ನೋದು ನನ್ನಲ್ಲಿ ಬಿಲ್‌ಕುಲ್ ಇರಲಿಲ್ಲ. ದೊಡ್ಡೋಳಾದ ಮೇಲೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ಓಡೋಕೆ ಯಾರು ಬಿಡುತ್ತಾರೆ? ಎಗರಂಗಿಲ್ಲ, ಕುಣಿಯಂಗಿಲ್ಲ, ಬಸ್ಸು ಹೊರಟು ಹೋಗುತ್ತಿದ್ದರೂ ಬಿರಬಿರನೆ ನಡೆಯಬೇಕೇ ಹೊರತು ಓಡಂಗಿಲ್ಲ. ಇಷ್ಟೆಲ್ಲ ಕಟ್ಟಿಹಾಕಿ ಆಮೇಲೆ ಹೆಣ್ಣುಮಕ್ಕಳಿಗೆ ತ್ರಾಣ ಇಲ್ಲ ಅಂತ ಇವರೇ ಹೇಳುತ್ತಾರೆ.

ಬೆಳಕು ಹರಿಯುವಾಗ ಎದ್ದು ಅಣ್ಣನ ಹಳೇ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಕಂಬದ ಹತ್ತಿರ ಹೋಗುತ್ತಿದ್ದೆ. ಮೊದಲು ತಬ್ಬಿಕೊಂಡು ಕೈಯಿಂದ ಎಳೆದುಕೊಳ್ಳೋಕೆ ನೋಡಿದೆ. ಜಾರಿದೆ. ಮುಂಗೈಯ ಒಳಗಡೆ ಚರ್ಮ ಕಂಬಕ್ಕೇ ಅಂಟಿಕೊಂಡು ಉಳಿಯಿತು. ಆ ಗಾಯದ ಮೇಲೇ ಮಾರನೇ ದಿನ ಮತ್ತೆ ತಬ್ಬಬೇಕು. ಬಿದ್ದೂ ಬಿದ್ದೂ ಗೊತ್ತಾಗಿದ್ದು ಇಷ್ಟೆ: ಕೈ ಇರೋದು ಹಿಡಿಯೋಕೆ, ಹತ್ತೋದು ಕಾಲು. ಎರಡೂ ಅಂಗಾಲಿನಿಂದ ಕಂಬವನ್ನು ಅತ್ತಿತ್ತ ಒತ್ತಿ, ಮಂಡಿ ಅಗಲಿಸಿ ಕಪ್ಪೆ ಹಾಗೆ ಕೂತು, ಅಲ್ಲಿಂದ ಮೈಯನ್ನು ಮೇಲಕ್ಕೆ ನೂಕಬೇಕು. ಹಿಡಿತ, ತೊಡೆ, ಸಡಿಲ ಸೊಂಟ, ಮೂರೂ ಒಟ್ಟಿಗೆ ಕೆಲಸ ಮಾಡಿದರೆ ಒಂದು ಮೊಳ ಮೇಲೆ ಹೋಗಬಹುದು. ಒಂದು ಸೋತರೂ ಸರ್ರಂತ ಕೆಳಗೆ.

ಊರಿನವರಿಗೆ ಬೇರೇನು ಕೆಲಸ? ಹಾಲಿನ ಡೈರಿಗೆ ಹೋಗೋರೆಲ್ಲ ನಮ್ಮ ತೋಟದ ಬದಿಯಲ್ಲೇ ದಾರಿ ಮಾಡಿಕೊಂಡರು. "ಮದ್ವೆ ಆಗೋ ಎಣ್ಣು ಕಂಬ ತಬ್ಕೊಂಡವ್ಳೆ ನೋಡವ್ವ" ಅಂದಳು ಎದುರು ಮನೆ ಮುದುಕಿ. "ನಿಮ್ಮ ಮೊಮ್ಮಗನ್ನ ತಬ್ಕೊಳೋದ್ಕಿಂತ ವಾಸಿ ಬುಡಜ್ಜಿ, ಇದು ಕುಡುದ್ಬಂದು ವದಿಯಲ್ಲ" ಅಂದೆ. ಮುದುಕಿ ಆ ದಾರಿ ಬಿಟ್ಟಳು. ಗುಂಡು ಎಸೆತಕ್ಕೆ ನಾನು ಒರಳುಕಲ್ಲಿನ ಗುಂಡನ್ನೇ ಹೊತ್ತು ತಂದು ಎಸೆಯುತ್ತಿದ್ದೆ. ಅವ್ವ ಹಿಂದೆಯೇ ಬಂದು ಶಾಪ ಹಾಕುತ್ತಾ ತೊಳೆದುಕೊಂಡು ಹೋಗೋಳು. ಸ್ಕಿಪ್ಪಿಂಗಿಗೆ ಕರು ಕಟ್ಟೋ ಹಗ್ಗ. ಮೊದಲ ವಾರ ಕಾಲಿಗೂ ಹಗ್ಗಕ್ಕೂ ದಾಯಾದಿ ಜಗಳ, ಆಮೇಲೆ ರಾಜಿಯಾದವು. ಓಟ ಮಾತ್ರ ಕಡೇತನಕ ಒಲಿಯಲಿಲ್ಲ. ನಮ್ಮ ಕುರಿಗಳೇ ನನಗಿಂತ ಮುಂದೆ ಹೋಗಿ ತಿರುಗಿ ನೋಡೋವು.

ಪರೀಕ್ಷೆ ದಿನ ಮೈದಾನದಲ್ಲಿ ಸಾಲಾಗಿ ಕಂಬ ನೆಟ್ಟಿದ್ದರು. ಅಲ್ಲಿ ಬಂದಿದ್ದ ಗಂಡುಮಕ್ಕಳಲ್ಲಿ ಅರ್ಧಕ್ಕರ್ಧ ನಮ್ಮಣ್ಣನ ಜಾತಿಯೇ. ಮೇಲೆ ಹೋರಿ, ಕೆಳಗೆ ಕೊಕ್ಕರೆ. ಅಣ್ಣನ ಸರದಿ ನನಗಿಂತ ಮುಂಚೆ ಬಂತು. ಟೀಶರ್ಟು ಬಿಚ್ಚಿ, ಬನಿಯನ್ನಿನಲ್ಲಿ ನಿಂತು, ಅಂಗೈಗೆ ಮಣ್ಣು ತಿಕ್ಕಿಕೊಂಡ. ನೋಡೋಕೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ತೋಳಿನ ಬಲದಲ್ಲಿ ದಡದಡ ಅಂತ ಅರ್ಧ ಕಂಬ ಏರಿಬಿಟ್ಟ. ಅಲ್ಲಿಗೆ ತೋಳು ಮುಗೀತು. ಕಾಲು ಕಂಬಕ್ಕೆ ತಗುಲಿಕೊಂಡಿತ್ತೇ ಹೊರತು ಅವನ ಭಾರ ಹೊರಲಿಲ್ಲ. ತಿಂಗಳುಗಟ್ಟಲೆ ಕಟ್ಟಿ ಬೆಳೆಸಿದ ಆ ಮಾಂಸವೇ ಈಗ ಅವನನ್ನು ಕೆಳಕ್ಕೆ ಎಳೆಯುತ್ತಿತ್ತು. ಸರ್ರಂತ ಜಾರಿದ. ಇನ್ನೊಂದು ಅವಕಾಶ ಕೊಟ್ಟರು. ಈ ಸಲ ಅರ್ಧವೂ ಆಗಲಿಲ್ಲ. ನನಗೆ ನಗು ಬರಲಿಲ್ಲ. ಮನೆ ಹತ್ತಿರವೇ ಕಂಬ ಇತ್ತಲ್ಲೋ ಮುಠ್ಠಾಳ ಅಂತ ಕೆನ್ನೆಗೆ ಎರಡು ಬಾರಿಸುವಷ್ಟು ಸಿಟ್ಟು ಬಂತು.

ನನ್ನ ಸರದಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದವನು, "ಭಯ ಆದ್ರೆ ಈಗ್ಲೇ ಹೇಳಮ್ಮ, ನಮ್ ಟೈಮು ಉಳೀತದೆ" ಅಂದ. ನಾನು ದಮ್ಮು ಉಳಿಸಿಕೊಂಡೆ. ಅಂಗಾಲು ಒತ್ತಿ, ಮೈ ನೂಕಿ, ಕೈ ಬದಲಾಯಿಸಿ ಏರಿದೆ. ಮೇಲೆ ಕಂಬ ಸಣ್ಣಗಾಗಿ ಸಣ್ಣಗೆ ಅಲುಗಾಡುತ್ತಿತ್ತು. ತುದಿ ಮುಟ್ಟಿದೆ. ಇಳಿಯೋದೇ ಕಷ್ಟ, ಜಾರಿಬಿಡು ಅಂತ ಮೈಯೇ ಪುಸಲಾಯಿಸುತ್ತೆ. ಹತ್ತಿದ ಹಾಗೇ ಒಂದೊಂದು ಮೊಳ ಇಳಿದೆ. ಓಟದಲ್ಲಿ ನಿರೀಕ್ಷೆಯಂತೆ ಫೇಲು. ಸ್ಕಿಪ್ಪಿಂಗ್ ಆಯ್ತು. ಉಳಿದಿದ್ದು ಗುಂಡು. ಅದು ಗೆರೆಯ ಆಚೆ ಬಿದ್ದರೆ ಮಾಗಡಿ ಇಲ್ಲ, ಈಚೆ ಬಿದ್ದರೆ ಮಾಗಡಿ. ಎರಡು ಸಲ ಈಚೆ ಬಿತ್ತು. ಕಡೇ ಸಲ ಆಯಮ್ಮ ನನ್ನ ರಟ್ಟೆ ಅಮುಕಿದ್ದು ನೆನಪಾಯ್ತು. ಎಸೆದೆ. ಆಚೆ ಬಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಣ್ಣ ನನ್ನ ಪಕ್ಕದಲ್ಲೇ ಕೂತ. ಚನ್ನಪಟ್ಟಣ ಬಂದಾಗ, "ಮ್ಯಾಲಿಂದ ಏನ್ ಕಾಣ್ತಮ್ಮಿ?" ಅಂದ. "ಏನೂ ಕಾಣ್ಲಿಲ್ಲ ಕಣಣ್ಣ, ಕಣ್ಮುಚ್ಕೊಂಡಿದ್ದೆ" ಅಂದೆ. ಅವನು ನಕ್ಕ. ಪಾಪ ಅನ್ನಿಸಿತು. ಅವನ ತೋಳನ್ನು ಆಡಿಕೊಳ್ಳೋದು ಸಾಕು ಅಂದುಕೊಂಡೆ.

ಕೆಲವು ತಿಂಗಳಾದ ಮೇಲೆ ನನಗೆ ಕೆಲಸದ ಆರ್ಡರು ಬಂತು. ಮಾವ ಫೋನಿನಲ್ಲಿ, ಹೆಣ್ಣುಮಕ್ಕಳ ಕೋಟಾದಲ್ಲಿ ಆಗಿದೆ ಬಿಡು ಅಂದ. ಕಂಬಕ್ಕೆ ಕೋಟಾ ಇರಲಿಲ್ಲ ಅಂತ ಅವನಿಗೆ ಹೇಳೋದು ವ್ಯರ್ಥ. ಆವತ್ತು ಸಾಯಂಕಾಲ ಅವ್ವ ಕೋಳಿ ಸಾರು ಮಾಡಿದಳು. ನಾಲ್ವರೂ ಉಣ್ಣೋಕೆ ಕೂತೆವು. ಅವ್ವ ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿ, ಒಸಿ ಉಪ್ಪು ಕೊಡು ಅನ್ನೋ ಹಾಗೆ ಮೆತ್ತಗೆ ಕೇಳಿದಳು.

"ಈ ಕೆಲ್ಸಾನ ನಿಮ್ಮಣ್ಣನ ಎಸ್ರಿಗೆ ಮಾಡ್ಸಕ್ ಆಗಲ್ವೇನವ್ವ? ನಿಮ್ಮಕ್ಕ ಜಮೀನು ನಂಗ್ಬ್ಯಾಡ ಅಂತ ಆಫೀಸ್ನಾಗೆ ಸೈನ್ ಹಾಕ್ಕೊಟ್ಲಲ್ಲ, ಹಂಗೆ. ನೀ ಎಂಗೂ ಇನ್ನೊಬ್ರ ಮನೆ ಸೇರೋಳು."

ಬೇರೆ ಯಾರಾದರೂ ಕೇಳಿದ್ದರೆ ಬಾಯಿಗೆ ಬಂದ ಹಾಗೆ ಬೈದು ಕಳಿಸುತ್ತಿದ್ದೆ. ಅವ್ವನಿಗೆ ತಿಳಿಯಲ್ಲ ಬಿಡು, ಕರಾರು ಮಾಡಿದ್ದು ಅಪ್ಪ ತಾನೆ, ಅವನೇ ನಕ್ಕು ಸುಮ್ಮನಾಗಿಸುತ್ತಾನೆ ಅಂತ ಅವನ ಮುಖ ನೋಡಿದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಅವನೂ ಉತ್ತರಕ್ಕೆ ಕಾಯುತ್ತಿದ್ದ.

"ಆಗಲ್ಲ ಕಣವ್ವ" ಅಂದೆ.

"ಯಾಕಾಗಲ್ಲ?"

ಕೇಳಿದ್ದು ಅವ್ವ ಅಲ್ಲ, ಅಣ್ಣ.

ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು ಕೈ ತೊಳೆದೆ. ಕೆಲಸಕ್ಕೆ ಸೇರೋಕೆ ಹೊರಟ ದಿನ ಮನೆಯಲ್ಲಿ ಯಾರಿಗೂ ಹೇಳಿ ಹೋಗಲಿಲ್ಲ.