ಬಾರ್ನಬೆ ಸಾಹೇಬರ ಚೀಟಿಪೆಟ್ಟಿಗೆ

ಪ್ಯಾರಿಸ್ ಪೊಲೀಸರ ಪತ್ತೇದಾರಿ ದಳವನ್ನು ಕಟ್ಟಿದ ಬಾರ್ನಬೆ ಸಾಹೇಬರು ಹಿಂದೆ ಹೆಸರುವಾಸಿ ಕಳ್ಳರು. ಕಳ್ಳತನ ಬಿಟ್ಟರೂ ಚಾಳಿ ಬಿಟ್ಟಿಲ್ಲ ಅನ್ನುವುದು ಗುಮಾಸ್ತ ತಿಬೋನ ಗೋಳು. ಕಚೇರಿಯ ಕೀಲಿಕೈ ಜೇಬಿನಲ್ಲೇ ಇದ್ದರೂ ಸಾಹೇಬರು ದಿನಾ ಬೆಳಿಗ್ಗೆ ತಂತಿ ತೂರಿಸಿಯೇ ಬೀಗ ತೆಗೆಯುತ್ತಾರೆ. ದಳಕ್ಕೆ ಆಳು ಬೇಕೆಂದರೆ ಹೋಗಿ ಜೈಲಿನ ಬಾಗಿಲಲ್ಲಿ ನಿಲ್ಲುತ್ತಾರೆ. "ಎಷ್ಟು ವರ್ಷ ಒಳಗಿದ್ಯಪ್ಪಾ?" ಹೊರಬಂದವನು "ಆರು ತಿಂಗಳು, ಸಾಹೇಬ್ರೆ" ಅಂದರೆ, "ಅನುಭವ ಸಾಲ್ದು" ಎಂದು ಮುಖ ತಿರುಗಿಸುತ್ತಾರೆ. ಇಂಥ ದಳದ ನಡುವೆ ತಿಬೋ ತನ್ನ ಟೋಪಿ ಕಳುವಾದೀತೆಂದು ಅದರ ಮೇಲೇ ಕೂತು ಊರಿನ ಕಳ್ಳರಿಗೆಲ್ಲ ತಲೆಗೊಂದು ಚೀಟಿ ಬರೆದು ಪೆಟ್ಟಿಗೆಗೆ ಹಾಕುತ್ತಾನೆ: ಎತ್ತರ, ಮಚ್ಚೆ, ನಡಿಗೆ. "ಗಡ್ಡ ಬೋಳಿಸಬಹುದು ಕಣಯ್ಯ, ಕಿವಿ ಏನ್ಮಾಡ್ತಾನೆ? ಕಿವಿ ಬರಿ," ಎಂದು ಸಾಹೇಬರು ಈರುಳ್ಳಿ ಸೂಪು ಹೀರುತ್ತಾ ಹೇಳುತ್ತಾರೆ. ಹತ್ತು ವರ್ಷ ನೆಟ್ಟಗೆ ಬಾಳಿದವನ ಚೀಟಿಯನ್ನು ತಾವೇ ಒಲೆಗೆ ಹಾಕಿ, ಆ ದಿನ ದಳಕ್ಕೆಲ್ಲ ವೈನು ಕುಡಿಸುತ್ತಾರೆ. ಮೊನ್ನೆ ಪೆಟ್ಟಿಗೆಯ ತಳದಲ್ಲಿ ತಿಬೋಗೆ ಒಂದು ಸವೆದ ಚೀಟಿ ಸಿಕ್ಕಿತು: 'ಬಾರ್ನಬೆ. ಎಡಗಿವಿ ಸೀಳಿದೆ.' ಅದರ ಕೆಳಗೆ ವರ್ಷಕ್ಕೊಂದರಂತೆ ಹದಿನೆಂಟು ಸಾಲು, ಎಲ್ಲವೂ ಸಾಹೇಬರದೇ ಕೈಬರಹ, ಎಲ್ಲವೂ ಒಂದೇ ಮಾತು: 'ಈ ವರ್ಷ ಕದ್ದಿಲ್ಲ. ಇನ್ನೂ ಕಣ್ಣಿಟ್ಟಿರಬೇಕು.'