ಮಧ್ಯಾಹ್ನದ ವಾರ್ತೆಯ ದೋನ್ ಅಬುಂದಿಯೊ

ಟೈರ್ ಅಂಗಡಿಯ ಮಹಡಿಯಲ್ಲಿ ಶುರುವಾಗಿ ಈಗ ಸ್ವಂತ ಕಟ್ಟಡಕ್ಕೆ ಬಂದಿರುವ ಫ್ರೆಸ್ನೋದ ಸ್ಪ್ಯಾನಿಷ್ ಟಿವಿ ಕೇಂದ್ರದಲ್ಲಿ ಮಧ್ಯಾಹ್ನದ ವಾರ್ತೆ ಓದುವವರು ಅಂದಿನಿಂದ ಇಂದಿನವರೆಗೂ, ಎಲ್ಲರೂ ಗೌರವದಿಂದ 'ದೋನ್' ಎಂದು ಕರೆಯುವ ಅಬುಂದಿಯೊ ಒಬ್ಬರೇ. ಎಂಥ ಬಿಸಿಲಿಗೂ ಕೋಟು ಬಿಚ್ಚುವವರಲ್ಲ. ಅಧ್ಯಕ್ಷರ ಭಾಷಣವನ್ನೂ ಕೂಲಿಯವರ ಮಕ್ಕಳ ಹುಟ್ಟುಹಬ್ಬವನ್ನೂ ಒಂದೇ ಗಾಂಭೀರ್ಯದಿಂದ ಓದುತ್ತಾರೆ. ಯಾರದೋ ಮೇಕೆ ಕಳೆದಿದ್ದರೆ, "ಅಳಬೇಡಮ್ಮಾ, ಸಿಗುತ್ತೆ" ಎಂದು ಕ್ಯಾಮೆರಾ ನೋಡಿಕೊಂಡೇ ಸಮಾಧಾನ ಹೇಳುತ್ತಾರೆ. ಕೊನೆಗೆ ಕಾಣೆಯಾದವರ ಹೆಸರುಗಳು. ಅದರಲ್ಲೂ ಕಟ್ಟಕಡೆಯದು ಯಾವಾಗಲೂ ಮಕಾರಿಯೊ, ಈ ದೇಶಕ್ಕೆ ವಲಸೆ ಬರುತ್ತ ಗಡಿ ದಾಟುವಾಗ ಕೈತಪ್ಪಿಹೋದ ಅವರ ತಮ್ಮ. "ಇನ್ನೂ ಎಷ್ಟು ವರ್ಷ ಓದ್ತೀರಿ?" ಎಂದು ಕ್ಯಾಮೆರಾ ಹಿಡಿಯುವ ರೆಫುಹಿಯೊ ಕೇಳಿದರೆ, "ಅವನ ಕಿವಿಗೆ ಬೀಳೋವರೆಗೂ ಕಣಯ್ಯಾ" ಎನ್ನುತ್ತಿದ್ದರು. ಹೋದ ಮಂಗಳವಾರ ನೇರಪ್ರಸಾರದಲ್ಲೇ ಫೋನು ಬಂತು. "ಅಣ್ಣಾ, ನಾನು ಮಕಾರಿಯೊ. ದ್ರಾಕ್ಷಿ ಕೀಳೋಕೆ ಈ ಕಡೆ ಬಂದೆ. ಇಲ್ಲಿ ಟಿವೀಲಿ ನೀನು ಕಾಣಿಸ್ತಿದ್ದೀಯ." ಅಬುಂದಿಯೊ ವಾರ್ತೆಯ ದನಿಯಲ್ಲೇ, "ಕಾಣೆಯಾಗಿದ್ದ..." ಎಂದು ಶುರುಮಾಡಿದರು. ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟು, "ಊಟ ಆಯ್ತೇನೋ?" ಎಂದರು.