ಆಗ್ತಾನೆ ಮೇಷ್ಟ್ರು

ಕ್ಲಬ್ಬಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಕಾಲೇಜುಗಳಿಂದ ಎತ್ತರದ ಹುಡುಗರನ್ನು ಆರಿಸಿ ತರುವುದು ಮೇಷ್ಟ್ರ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ. ಹುಡುಗನಿಗೊಂದು ಫಾರಂ, ಫಾರಮ್ಮಿನ ಕೊನೆಗೆ ಒಂದೇ ಪದದ ತೀರ್ಪು: 'ಆಗ್ತಾನೆ' ಅಥವಾ 'ಆಗಲ್ಲ'. ಹಾಗಾಗಿ ಬೆನ್ನ ಹಿಂದೆ ಎಲ್ಲರಿಗೂ ಅವರು ಆಗ್ತಾನೆ ಮೇಷ್ಟ್ರು. ಅವರು ಆಗ್ತಾನೆ ಎಂದವರಲ್ಲಿ ಮುಕ್ಕಾಲು ಮಂದಿ ಏನೂ ಆಗಲಿಲ್ಲ ಎನ್ನುವುದು ಬೇರೆ ಮಾತು.

ಮೇಷ್ಟ್ರು ಆಟಕ್ಕಿಂತ ಹೆಚ್ಚಾಗಿ ಪಾದ ನೋಡುತ್ತಿದ್ದರು. ಪಾದ ದೊಡ್ಡದಿದ್ದರೆ ಹುಡುಗ ಇನ್ನೂ ಎರಡಿಂಚು ಬೆಳೆಯುವುದು ಗ್ಯಾರಂಟಿ ಎಂಬುದು ಅವರ ಸಿದ್ಧಾಂತ. ಐದಡಿ ಮೂರಿಂಚಿನ ಮನುಷ್ಯ ಇದನ್ನು ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ.

"ನಿಮ್ ಕಾಲೂ ದೋಣಿ ಥರಾನೇ ಇದೆಯಲ್ರೀ, ನೀವು ಬೆಳೆಯೋದು ಯಾವಾಗ?" ಎಂದು ಹೆಂಡತಿ ಕೇಳಿದರೆ, ಉಪ್ಪು ಕಮ್ಮಿ ಎಂದು ಮಾತು ತೇಲಿಸುತ್ತಿದ್ದರು.

ಈ ವರ್ಷ ತೇಲಿಸುವಂತಿರಲಿಲ್ಲ. ಹಿಂದಿನ ಮೂವರು ಆಗ್ತಾನೆಗಳು ಬೆಂಚಿನ ಮೇಲೇ ಕೂತು ಮನೆಗೆ ಹೋಗಿದ್ದರು. ಕಾರ್ಯದರ್ಶಿ ಖಡಾಖಂಡಿತವಾಗಿ ಹೇಳಿದ್ದ: "ಮೇಷ್ಟ್ರೇ, ಒಂದೇ ಸೀಟು. ಇನ್ನೂ ಬೆಳೆಯೋ ಹುಡುಗ ಬೇಕು. ಇವನೂ ಕೈಕೊಟ್ರೆ, ನಿಮ್ ಅಳತೆ ಟೇಪು ತಗೊಂಡು ನೀವೂ ಹೊರಟುಬಿಡಿ."

ಆಯ್ಕೆಯ ದಿನ ಒಬ್ಬ ಹುಡುಗ ಕಣ್ಣಿಗೆ ಬಿದ್ದ. ಎತ್ತರ ಆರಡಿ ನಾಲ್ಕಿಂಚು. ಶೂ? ಹದಿಮೂರನೇ ನಂಬರು! ಮೇಷ್ಟ್ರಿಗೆ ಎದೆ ತುಂಬಿ ಬಂತು. ಆಟ ಮುಗಿಯುವವರೆಗೆ ಆ ಎರಡು ಶೂಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಆಟ ಮುಗಿದ ಮೇಲೆ ಹುಡುಗ ಗೋಡೆಗೊರಗಿ ಕೂತು ಶೂ ಬಿಚ್ಚಿದ. ಒಳಗಿಂದ ಮುದ್ದೆಯಾದ ಪೇಪರು ಬಂತು. ಇನ್ನೊಂದರಿಂದಲೂ ಬಂತು.

"ಏನಪ್ಪಾ ಇದು?"

"ಅಣ್ಣಂದು ಶೂ, ಸಾರ್. ನಂದು ಹತ್ತು. ಅದು ಕಿತ್ತೋಯ್ತು."

ಮೇಷ್ಟ್ರು ಒಂದು ಶೂ ಕೈಗೆತ್ತಿಕೊಂಡರು. "ಇದನ್ನ ಹಾಕ್ಕೊಂಡು ಆಡಿದ್ಯಾ? ಜಾರಲ್ವಾ?"

"ಜಾರುತ್ತೆ ಸಾರ್. ಓಡಿ ಹಿಡಿಯೋಕಾಗಲ್ಲ. ಅದಕ್ಕೇ ಬಾಲು ಎಲ್ಲಿಗೆ ಬರುತ್ತೋ ನೋಡ್ಕೊಂಡು, ಮೊದಲೇ ಹೋಗಿ ನಿಂತ್ಕೋತೀನಿ."

ಮೊದಲೇ ಹೋಗಿ ನಿಲ್ಲುವುದು! ಅದನ್ನು ಕಲಿಸಲು ಮೇಷ್ಟ್ರು ಎಷ್ಟು ಜನ ಉದ್ದನೆಯವರ ಮುಂದೆ ಗಂಟಲು ಹರಿದುಕೊಂಡಿದ್ದರು. ಮಧ್ಯಾಹ್ನ ಇನ್ನೊಮ್ಮೆ ಆಡಿಸಿದರು. ಈ ಸಲ ಪಾದ ನೋಡಲಿಲ್ಲ, ಹುಡುಗನನ್ನು ನೋಡಿದರು. ರಿಂಗಿಗೆ ತಗುಲಿ ಬಾಲು ಪುಟಿದ ಕಡೆಯಲ್ಲೆಲ್ಲ ಅವನು ಆಗಲೇ ಇದ್ದ. ತಮ್ಮ ಮೇಲೆಯೇ ಅವರಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಇಂಥವರು ಎಷ್ಟು ಮಂದಿ ತಮ್ಮ ಕಣ್ಣೆದುರೇ ಸಣ್ಣ ಪಾದ ಇಟ್ಟುಕೊಂಡು ಮನೆಗೆ ಹೋದರೋ.

ಫಾರಮ್ಮಿನಲ್ಲಿ ಪಾದದ ಅಳತೆಯ ಜಾಗ ಖಾಲಿ ಬಿಟ್ಟರು. ಕೊನೆಗೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಬೇರೊಂದು ಪದ ಬರೆದರು: 'ಆಗಿದ್ದಾನೆ'.

ಕಾರ್ಯದರ್ಶಿ ಕನ್ನಡಕ ಏರಿಸಿದ. "ಇದೇನ್ರೀ, ಆಗಿದ್ದಾನೆ? ವಯಸ್ಸಾಯ್ತು ಮೇಷ್ಟ್ರೇ ನಿಮಗೆ, ಕೈ ತಪ್ತಾ ಇದೆ." ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ 'ಆಗ್ತಾನೆ' ಎಂದು ಬರೆದು, ಕೆಳಗೆ ಸಹಿ ಗೀಚಿದ. ಸೀಟು ಹುಡುಗನದಾಯಿತು.

ಇವನ ಪಾದ ಹತ್ತೇ ನಂಬರು, ಇನ್ನು ಬೆಳೆಯುವುದಿಲ್ಲ ಎಂದು ಬಾಯಿ ಬಿಟ್ಟರೆ ಆ ಸೀಟು ಹೋಗುತ್ತಿತ್ತು. ಮೇಷ್ಟ್ರು ಟೇಪು ಸುತ್ತಿದರು. ಅವರು ಬರೆದ ತಪ್ಪನ್ನೆಲ್ಲ ಇಷ್ಟು ವರ್ಷ ಕಣ್ಣುಮುಚ್ಚಿ ಒಪ್ಪಿದ ಕ್ಲಬ್ಬು, ಸರಿಯಾಗಿ ಬರೆದ ಒಂದೇ ಒಂದು ಪದವನ್ನು ತಿದ್ದಿತ್ತು.